ಶಾಕಿರ್ ಸಾಹೇಬರು ಮೇಲೆ ಬರಲು ಕಲಿತದ್ದು

ತರೀಕೆರೆ ಸುತ್ತಮುತ್ತ ಯಾರ ಬಾವಿಗೆ ಮೋಟಾರು ಬಿದ್ದರೂ ಜನ ಮೊದಲು ಶಾಕಿರ್ ಸಾಹೇಬರನ್ನು ಹುಡುಕುತ್ತಿದ್ದರು, ಹಗ್ಗವನ್ನು ಆಮೇಲೆ. ಅಜ್ಜಂಪುರದ ಈರುಳ್ಳಿ ಹೊಲಗಳ ಬಾವಿಗಳಿಂದ ಅವರು ಉಸಿರು ಕಟ್ಟಿ ಮುಳುಗಿ ಮೋಟಾರು, ಪೈಪು, ತಾಮ್ರದ ಕೊಡ, ಒಮ್ಮೆ ಒಬ್ಬ ಪಟೇಲರ ಹಲ್ಲಿನ ಸೆಟ್ಟನ್ನೂ ತೆಗೆದುಕೊಟ್ಟಿದ್ದರು. ನೀರಿನ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ ಎಂದು ಅವರು ನಂಬಿದ್ದರು. ಮೊಣಕಾಲು ನೀರಿಗೇ ಅಲ್ಲಾ, ಶಿವಾ ಎಂದು ಎಲ್ಲರನ್ನೂ ಕರೆಯುವ ನಮ್ಮಂಥವರು ಅದನ್ನು ಒಪ್ಪಿಕೊಂಡಿದ್ದೆವು.

ಬೋರ್‌ವೆಲ್ಲುಗಳು ಬಂದು ಬಾವಿಗಳನ್ನು ಮುಚ್ಚಿಸಿದವು. ಕೊಳವೆಯೊಳಗೆ ಶಾಕಿರರ ಹೊಟ್ಟೆ ಹಿಡಿಸುವುದಿಲ್ಲ. ಇನ್ನು ನೀರಿನ ಕೆಲಸವೆಂದರೆ ದೊಡ್ಡ ಕೆರೆ, ಅಣೆಕಟ್ಟು. ಅಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಕು, ಇಳಿಯಲು ಸರ್ಟಿಫಿಕೇಟ್ ಬೇಕು. ಹೀಗಾಗಿ ನಲವತ್ತೇಳನೆಯ ವಯಸ್ಸಿನಲ್ಲಿ ಅವರು ಲಕ್ಕವಳ್ಳಿಯಲ್ಲಿ ತನುಜಾ ಎಂಬ ಕಡೂರಿನ ಹುಡುಗಿ ನಡೆಸುತ್ತಿದ್ದ ಸ್ಕೂಬಾ ತರಗತಿಗೆ ಸೇರಿದರು. ಕೊನೆಯ ಪರೀಕ್ಷೆ ಭಾನುವಾರ, ಹಿನ್ನೀರಿನಲ್ಲಿ. ಒಂದೇ ಮುಳುಗಿನಲ್ಲಿ ಯಾವ ಯಾವ ಆಳದಲ್ಲಿ ಎಷ್ಟೆಷ್ಟು ಹೊತ್ತು ಇರುವುದೆಂದು ಅಭ್ಯರ್ಥಿಯೇ ಪ್ಲಾನು ಬರೆಯಬೇಕು. ಪ್ಲಾನು ತಪ್ಪಿದರೆ ನೀರಿಗಿಳಿಸುವುದಿಲ್ಲ. ಸರ್ಟಿಫಿಕೇಟಿನ ಆಸೆಯೂ ಅಲ್ಲಿಗೇ ಮುಗಿಯಿತು.

ಶಾಕಿರ್ ಬಾವಿಯ ಮೆಟ್ಟಿಲಿನಂತೆ ಚಿತ್ರ ಬರೆದರು. ಮೊದಲು ಆರು ಮೀಟರು, ಆಮೇಲೆ ಹನ್ನೆರಡು, ಕೊನೆಗೆ ಹದಿನೆಂಟು. ಅಲ್ಲಿಂದ ಮೇಲಕ್ಕೆ ಒಂದೇ ನೇರ ಗೆರೆ.

"ಶಾಕಿರಣ್ಣ, ಇದು ಪೂರ್ತಿ ತಲೆಕೆಳಗು," ಎಂದಳು ತನುಜಾ.

"ಬಾವಿ ಕೆಲ್ಸ ಹಂಗೇ ಮೇಡಂ. ಮೊದ್ಲು ಮೇಲಿನ ಪಾಚಿ ಕೀಳ್ಬೇಕು, ಆಮೇಲೆ ಪೈಪು, ತಳದಲ್ಲಿ ಮೋಟ್ರು. ಮೋಟ್ರು ಸಿಕ್ತು ಅಂತ ಹಗ್ಗ ಜಗ್ಗಿದ್ರೆ ಒಂದೇ ಏಟ್ಗೆ ಮೇಲಕ್ಕೆ."

"ಈ ಪ್ಲಾನಲ್ಲಿ ಇಳಿದ್ರೆ ಪೂರಾ ಮೇಲಕ್ಕೇ ಹೋಗ್ಬಿಡ್ತೀರ! ಬಾವೀಲಿ ನೀವು ಉಸ್ರು ಕಟ್ಟಿ ಹೋಗ್ತಿದ್ರಿ. ಇಲ್ಲಿ ಆಳದಲ್ಲೇ ಉಸಿರಾಡ್ತೀರ. ಒತ್ತಡಕ್ಕೆ ಗಾಳೀಲಿರೋ ನೈಟ್ರೋಜನ್ ಮೈಯೊಳಗೆ ಇಂಗುತ್ತೆ. ಅದಕ್ಕೆ ಎಲ್ಲಕ್ಕಿಂತ ಆಳದ್ದು ಮೊದ್ಲು, ಅದೂ ಸ್ವಲ್ಪ ಹೊತ್ತು. ಆಮೇಲೆ ಹಂತ ಹಂತವಾಗಿ ಮೇಲೆ ಬರೋದು. ಕೊನೇಲಿ ಐದು ಮೀಟರಲ್ಲಿ ಮೂರು ನಿಮಿಷ ಸುಮ್ನೆ ನಿಲ್ಲೋದು. ಸೋಡಾ ಬಾಟ್ಲಿ ಫಕ್ ಅಂತ ತೆಗೆದ್ರೆ ಗುಳ್ಳೆ ಏಳಲ್ವಾ? ದಡಬಡ ಮೇಲೆ ಬಂದ್ರೆ ರಕ್ತದಲ್ಲೂ ಹಂಗೇ."

ಇಷ್ಟೆಲ್ಲದರಲ್ಲಿ ಶಾಕಿರರಿಗೆ ಸ್ಪಷ್ಟವಾಗಿ ಅರ್ಥವಾದದ್ದು ಒಂದೇ: ಸೋಡಾ ಅಪಾಯ. ಅಂದಿನಿಂದ ಅವರು ಸೋಡಾ ಬಿಟ್ಟರು.

ಮನೆಯಲ್ಲಿ ಹೆಂಡತಿ ಮುಸರತ್ ರೊಟ್ಟಿ ತಟ್ಟುತ್ತಿದ್ದಾಗ ಶಾಕಿರ್ ಒಂದೊಂದು ಆಳಕ್ಕೆ ಒಂದೊಂದರಂತೆ ಪಾತ್ರೆಗಳನ್ನು ಒಂದರ ಮೇಲೊಂದು ಜೋಡಿಸಿ ವಿವರಿಸಲು ಕುಳಿತರು.

"ಮೇಲಿನ ಮೆಟ್ಲು ದಾಟ್ದೆ ತಳಕ್ಕೆ ಹೆಂಗ್ ಹೋಗ್ತೀರಿ?" ಎಂದಳು ಆಕೆ.

"ದಾಟ್ಬೇಕು, ನಿಲ್ಬಾರ್ದು."

"ಬರೋವಾಗ?"

"ನಿಲ್ಬೇಕು."

"ನಿಂತ್ಕೊಂಡು ಏನ್ ಕೆಲ್ಸ?"

"ಏನೂ ಇಲ್ಲ. ಸುಮ್ನೆ."

"ಓ, ನಿಮ್ಮ ತಮ್ಮ ಸಿಕಂದರ್ ಬೀರೂರು ಸ್ಟೇಷನ್ನಲ್ಲಿ ನಿಂತಿರ್ತಾನಲ್ಲ, ಹಂಗೆ. ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರಾ? ಆ ಪಾತ್ರೆ ಇಲ್ಲಿ ಕೊಡಿ, ಸಾರಿಗೆ ಬೇಕು."

ಹನ್ನೆರಡು ಮೀಟರು ಒಲೆ ಮೇಲೆ ಹೋಯಿತು.

ಭಾನುವಾರ ಬೆಳಿಗ್ಗೆ ಶಾಕಿರರ ಪ್ಲಾನು ಸರಿಯಾಗಿತ್ತು. ಮೊದಲು ಹದಿನೆಂಟು, ಆಮೇಲೆ ಹನ್ನೆರಡು, ಆರು, ಕೊನೆಗೆ ನಿಲುಗಡೆ. ಲಕ್ಕವಳ್ಳಿ ಸಮುದ್ರಕ್ಕಿಂತ ಎತ್ತರದಲ್ಲಿರುವುದರಿಂದ ಬಳಸಬೇಕಾದ ಬೇರೆ ಲೆಕ್ಕವನ್ನೂ ಬಳಸಿದ್ದರು. ಏಕೆ ಸರಿ ಎಂದು ಮಾತ್ರ ಯಾರೂ ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದರು.

"ಭೇಷ್," ಎಂದಳು ತನುಜಾ. "ಇದು ಮುಗಿದ್ಮೇಲೆ ಎಲ್ಲಿಗೆ?"

"ಕೆಮ್ಮಣ್ಣುಗುಂಡಿಗೆ ಮೇಡಂ. ಅಮ್ಮೀನ ಕರ್ಕೊಂಡು ಮನೆಯೋರೆಲ್ಲ ಗಾಡೀಲಿ ಬತ್ತಾವ್ರೆ. ಇಲ್ಲೇ ನನ್ನ ಹತ್ತಿಸ್ಕೋತಾರೆ."

ತನುಜಾ ಪೆನ್ನು ಮುಚ್ಚಿದಳು. "ಹಂಗಾದ್ರೆ ನೀರಿಗಿಳಿಯೋದು ಬೇಡ."

"ಪ್ಲಾನು ಸರಿ ಅಂದ್ರಲ್ಲ!"

"ನೀರಿಂದು ಸರಿ. ಬೆಟ್ಟ ಸೇರಿಸೋದು ಮರ್ತಿದ್ದೀರ. ಮೇಲೆ ಹೋದಷ್ಟೂ ಗಾಳಿ ಒತ್ತಡ ಕಮ್ಮಿ, ಮೈಯಲ್ಲಿ ಇಂಗಿದ್ದು ಇನ್ನೂ ಇರುತ್ತೆ. ನಾಳೆವರೆಗೂ ಬೆಟ್ಟ ಹತ್ತಂಗಿಲ್ಲ. ಊರಿಗೆ ಹೋಗಿ, ತೊಂದ್ರೆ ಇಲ್ಲ. ಏನ್ಮಾಡ್ತೀರ ಹೇಳಿ. ನೀರೋ, ಬೆಟ್ಟವೋ?"

ಶಾಕಿರ್ ತಲೆ ಹಿಡಿದುಕೊಂಡರು. ನೀರು ಮುಗಿದ ಮೇಲೂ ಮೇಲೆ ಬರುವುದು ಮುಗಿಯುವುದಿಲ್ಲವೇ? ಇಷ್ಟು ವರ್ಷ ಬಾವಿಯ ಕಟ್ಟೆ ಹತ್ತಿದರೆ ಟವೆಲ್ಲು, ಚಹಾ, ಅಷ್ಟೇ ಇತ್ತು. ಮನೆಗೆ ಫೋನು ಮಾಡಿದರು. ಎತ್ತಿದ್ದು ತಾಯಿ ಅಮೀನಾಬಿ.

"ಬಾವಿಯಿಂದ ಬಂದು ಮೂರು ತಟ್ಟೆ ಉಣ್ತಿದ್ದೋನು ಕಣೋ ನೀನು! ಈಗೇನು ಬಾಣಂತಿ ಥರ ಪಥ್ಯ? ಕೆಮ್ಮಣ್ಣುಗುಂಡಿ ನೋಡ್ಬೇಕು ಅಂತ ನಾನು ಎಷ್ಟು ವರ್ಷದಿಂದ ಬಾಯ್ಬಿಡ್ತಿದ್ದೀನಿ. ಬರದಿದ್ರೆ ನಿನ್ನ ಪಾಲಿನ ಬಿರಿಯಾನೀನ ಸಿಕಂದರ್ ತಿಂತಾನೆ."

ಶಾಕಿರ್ ನೀರಿನ ಕಡೆ ನೋಡಿದರು. ಬಿರಿಯಾನಿಯನ್ನು ನೆನೆದರು. ಮತ್ತೆ ನೀರನ್ನು ನೋಡಿದರು.

"ತಿನ್ಲಿ, ಅಮ್ಮಿ," ಎಂದರು.

ತನುಜಾಳ ಜೊತೆ ಇಳಿದರು. ಹದಿನೆಂಟು, ಹನ್ನೆರಡು, ಆರು ಎಲ್ಲ ಸಾಂಗವಾಗಿ ನಡೆಯಿತು. ಕಷ್ಟವಾದದ್ದು ಐದು ಮೀಟರಿನಲ್ಲಿ. ಕೈಯಲ್ಲಿ ಮೋಟಾರಿಲ್ಲ, ಹಗ್ಗವಿಲ್ಲ, ಕಟ್ಟೆ ಮೇಲಿನಿಂದ ಬೈಯುವವರೂ ಇಲ್ಲ. ನೀರಿನಲ್ಲಿ ಕೆಲಸವಿಲ್ಲದೆ ಅವರು ನಿಂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ, ಬೀಗರ ಮನೆಯಲ್ಲಿ ನಿಂತಂತೆ ಕಟ್ಟಿಕೊಂಡರು.

ಮೇಲೆ ಬಂದಾಗ ತನುಜಾ ಕೈ ಕುಲುಕಿ, "ಪಾಸ್ ಶಾಕಿರಣ್ಣ!" ಎಂದಳು.

ಮಧ್ಯಾಹ್ನ ಲಕ್ಕವಳ್ಳಿ ಬಸ್ ನಿಲ್ದಾಣದಲ್ಲಿ ಮೊಬೈಲಿಗೆ ಫೋಟೋ ಬಂತು. ಮಂಜಿನ ನಡುವೆ ಅಮ್ಮಿ. ಪಕ್ಕದಲ್ಲಿ ಕೋಳಿ ಕಾಲು ಹಿಡಿದ ಸಿಕಂದರ್. ಶಾಕಿರ್ ನಿಟ್ಟುಸಿರು ಬಿಟ್ಟು ತರೀಕೆರೆ ಬಸ್ಸಿನ ಬಳಿ ಬಂದರು. ಊರಿಗೆ ಹೋಗಬಹುದೆಂದು ತನುಜಾ ಹೇಳಿದ್ದೇನೋ ನಿಜ. ಆದರೆ ದಾರಿಯಲ್ಲಿ ಏರುಗಳಿದ್ದವಲ್ಲ?

"ತರೀಕೆರೆ ಇಲ್ಲಿಗಿಂತ ಮೇಲೈತಾ, ಕೆಳಗೈತಾ?" ಎಂದು ಕಂಡಕ್ಟರನ್ನು ಕೇಳಿದರು.

"ಮೇಲೋ ಕೆಳಗೋ, ಟಿಕೀಟು ಅಷ್ಟೇ ಸಾಹೇಬ್ರೆ. ಹತ್ತಿ."

ಶಾಕಿರ್ ಮೊದಲ ಮೆಟ್ಟಿಲ ಮೇಲೆ ನಿಂತು ಯೋಚಿಸತೊಡಗಿದರು. ಹಿಂದಿನಿಂದ ಬಾಳೆಗೊನೆ ಹೊತ್ತ ಹೆಂಗಸೊಬ್ಬಳು, "ಏನಪ್ಪಾ, ಒಂದೊಂದು ಮೆಟ್ಲಿಗೂ ನಿಲ್ತೀಯಾ?" ಎಂದು ಗೊನೆಯಿಂದಲೇ ತಿವಿದಳು.