ಗಂಗಲಕ್ಷ್ಮಮ್ಮ ನೋಡಿದ ಸಮುದ್ರ

ಅರಿಶಿನಕುಂಟೆಯ ಹೆದ್ದಾರಿ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಕಾಂತರಾಜುವಿನ ಹೆಂಡತಿ ಗಂಗಲಕ್ಷ್ಮಮ್ಮ ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಿದವಳಲ್ಲ. ಇದನ್ನು ನೋಡಿ ಬೀದಿಯ ಹೆಂಗಸರು, "ಗರತಿ ಅಂದ್ರೆ ಹಿಂಗಿರ್ಬೇಕು" ಎಂದು ತಮ್ಮ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು. ಗರತಿತನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಕತ್ತಲಾದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೇ.

ಅವಳು ಹುಟ್ಟಿದ್ದು ದೊಡ್ಡಬೆಳವಂಗಲದಲ್ಲಿ. ಅಜ್ಜಿ ಅಮ್ಮಯಮ್ಮನಿಗೂ ಇದೇ ಇರುಳುಗಣ್ಣು. ಸಂಜೆ ಹೊತ್ತು ಮೊಮ್ಮಗಳು ಹಸು ಕಟ್ಟುವ ಗೂಟ ಎಡವಿ ಬಿದ್ದಾಗ ಮೊದಲು ಗುರುತು ಹಿಡಿದವಳೇ ಆ ಮುದುಕಿ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮಾರನೆಯ ದಿನ ಮಟಮಟ ಮಧ್ಯಾಹ್ನ ಹುಡುಗಿಯನ್ನು ನಡುಮನೆಯಲ್ಲಿ ನಿಲ್ಲಿಸಿ, "ಕಣ್ಮುಚ್ಕೊ. ಈಗ ಹಿತ್ತಲಿಗೋಗಿ ಒಂದು ಚೊಂಬು ನೀರು ತಕಂಬಾ" ಎಂದಳು. ಇದೇನೋ ಆಟ ಎಂದುಕೊಂಡು ಹುಡುಗಿ ಕುಣಿಯುತ್ತಾ ಹೊರಟು ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಸಿಕೊಂಡಿತು. ಅಜ್ಜಿ ಹಣೆಗೆ ಅರಿಶಿನ ಮೆತ್ತಿ, "ಇನ್ನೊಂದ್ಸಲ" ಎಂದಳು. ಆ ಬೇಸಿಗೆ ಕಳೆಯುವುದರೊಳಗೆ ಹೊಸ್ತಿಲು, ಒರಳು, ಒಲೆ, ನೀರಿನ ತೊಟ್ಟಿ ಎಲ್ಲವೂ ಹುಡುಗಿಯ ಕಾಲಿಗೆ ಬಾಯಿಪಾಠವಾಗಿದ್ದವು.

ದೊಡ್ಡವಳಾದಾಗ ಗಂಡು ಹುಡುಕುವ ಗೋಜೇ ಇರಲಿಲ್ಲ. ಅಮ್ಮಯಮ್ಮನ ಕಿರಿಯ ಮಗ ಕಾಂತರಾಜು ಇದ್ದನಲ್ಲ, ತಾಯಿಯ ಒಡಹುಟ್ಟಿದ ತಮ್ಮ! ಮನೆ ಹುಡುಗಿ ಮನೆಯಲ್ಲೇ ಉಳಿಯಲಿ ಎಂದು ಹಿರಿಯರು ಧಾರೆ ಎರೆದುಕೊಟ್ಟರು. ಇವತ್ತಿಗೂ ಅವಳು ಗಂಡನನ್ನು ಕರೆಯುವುದು 'ಮಾವ' ಎಂದೇ. ಕಾಂತರಾಜು ಕೆಟ್ಟವನಲ್ಲ. ಹೆಂಡತಿಗೆ ಸಂಜೆ ಕಣ್ಣು ಮಂಜು ಎಂಬುದು ಅವನಿಗೆ ಗೊತ್ತು. ಆದರೆ ಹೆತ್ತ ತಾಯಿಯನ್ನು ಹಾಗೆಯೇ ನೋಡಿ ಬೆಳೆದವನಿಗೆ ಅದೊಂದು ರೋಗ ಅನ್ನಿಸಿರಲೇ ಇಲ್ಲ. ಮನೆತನದವರಿಗೆಲ್ಲ ಒಂದೇ ಥರ ಮೂಗಿರುವುದಿಲ್ಲವೇ, ಹಾಗೆ.

ಅವನಿಗೆ ಗೊತ್ತಿಲ್ಲದ್ದು ಬೇರೆ ಇತ್ತು. ಈಚೆಗೆ ಅವಳಿಗೆ ಹಗಲು ಕೂಡ ಅಂಚಿನಿಂದ ಸವೆಯುತ್ತಾ ಬರುತ್ತಿತ್ತು. ಎದುರಿಗಿದ್ದದ್ದು ಕಂಡರೂ ಪಕ್ಕದಲ್ಲಿ ನಿಂತವರು ಕಾಣುತ್ತಿರಲಿಲ್ಲ. ಕನ್ನಡಕ ಬದಲಾಯಿಸುವ ನೆಪ ಹೇಳಿ ಒಬ್ಬಳೇ ಬಸ್ಸು ಹತ್ತಿ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋಗಿದ್ದಳು. ಡಾಕ್ಟರಮ್ಮ ಬಹಳ ಹೊತ್ತು ದೀಪ ಬಿಟ್ಟು ನೋಡಿದಳು.

"ಇದಕ್ಕೆ ಔಷಧಿ ಇಲ್ಲಮ್ಮ. ಈಗ ಕಾಣ್ತಿರೋದೂ ನಿಧಾನಕ್ಕೆ ಹೋಗುತ್ತೆ. ಒಂದೆರಡು ವರ್ಷ ಅಂದ್ಕೊಳ್ಳಿ. ಯಜಮಾನ್ರು ಸಂಬಂಧದವ್ರಾ?"

"ಸೋದರಮಾವ."

"ಮಕ್ಳು?"

"ಒಬ್ಳೇ ಮಗಳು."

"ಅವಳನ್ನ ಕರ್ಕೊಂಡ್ಬನ್ನಿ. ನೋಡ್ಬೇಕು."

ಆಗಲಿ ಎಂದು ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಧೈರ್ಯ ಸಾಲಲಿಲ್ಲ ಅನ್ನಿ. ರಂಜಿತಳಿಗೆ ಏನಾಗಿದೆ ಧಾಡಿ, ಚಿನ್ನದಂಥ ಹುಡುಗಿ. ನೆಲಮಂಗಲದ ಗೋದಾಮೊಂದರ ಆಫೀಸಿನಲ್ಲಿ ಕೆಲಸ, ಎರಡನೆಯ ಪಾಳಿಗೆ ಹಾಕಿದರೆ ಜಗಳವಾಡಿ ಬೇಡವೆಂದು ಬೆಳಕಿರುವಾಗಲೇ ಮನೆ ಸೇರುತ್ತಾಳೆ. ದೊಡ್ಡಬೆಳವಂಗಲದಲ್ಲೇ ಇರುವ ತನ್ನ ತಮ್ಮ ಚಿನ್ನಸ್ವಾಮಿಯ ಮಗ ಮುರಳಿಗೆ ಅವಳನ್ನು ಕೊಡುವುದೆಂದು ಮಾತೂ ಆಗಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಮಗಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯುತ್ತಾರೆಯೇ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ತನ್ನ ಕಣ್ಣಿನ ಆಸೆಯನ್ನೂ ಅವಳು ಬಿಟ್ಟಿದ್ದಳು. ಒಂದೇ ಒಂದು ಬಯಕೆ ಉಳಿದಿತ್ತು, ದೀಪ ಆರುವುದರೊಳಗೆ ಒಂದು ಸಲ ಸಮುದ್ರ ನೋಡಬೇಕು. ಹಿಂದೆ ಒಮ್ಮೆ ಧರ್ಮಸ್ಥಳ, ಉಡುಪಿ ಸುತ್ತುವಾಗ ಬಸ್ಸಿನವನು ಮಲ್ಪೆಗೂ ಕರೆದೊಯ್ದಿದ್ದ. ಆದರೆ ತಲುಪುವಾಗ ಕತ್ತಲಾಗಿತ್ತು. ಎಲ್ಲರೂ ಅಲೆಯಲ್ಲಿ ಕುಣಿಯುತ್ತಿದ್ದರೆ ಇವಳು ಬಸ್ಸಿನ ಮೆಟ್ಟಿಲ ಮೇಲೆ ಕೂತು ಬರೀ ಸದ್ದು ಕೇಳಿ ವಾಪಸು ಬಂದಿದ್ದಳು. ಈ ಸಲವಾದರೂ ಕಣ್ತುಂಬ ನೋಡಿ ಒಳಗೆ ಇಟ್ಟುಕೊಂಡುಬಿಡಬೇಕು, ಆಮೇಲೆ ಕತ್ತಲೆ ಬಂದರೆ ಬರಲಿ ಎಂದು ಅವಳ ಲೆಕ್ಕ.

ದೇವರು ಕಣ್ಣು ಬಿಟ್ಟ ಹಾಗೆಯೇ ಆಯಿತು. ಬಣ್ಣದ ಕಂಪನಿಯವರು ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಹೆಂಡತಿ ಸಮೇತ ಬಾಲಿ ದ್ವೀಪಕ್ಕೆ ಕರೆದೊಯ್ಯುತ್ತೇವೆಂದರು. ಮಗಳ ಖರ್ಚು ತಾನೇ ಹಾಕಿಕೊಂಡು ಕಾಂತರಾಜು ಮೂವರನ್ನೂ ಹೊರಡಿಸಿದ. ದೇವನಹಳ್ಳಿಯ ಹತ್ತಿರವೇ ಓಡಾಡಿಕೊಂಡಿದ್ದರೂ ವಿಮಾನವನ್ನು ಕೆಳಗಿನಿಂದ ಮಾತ್ರ ಕಂಡಿದ್ದ ಗಂಗಲಕ್ಷ್ಮಮ್ಮ ಅದರೊಳಗೆ ಕೂತಳು. ಇಳಿದದ್ದು ರಾತ್ರಿ, ಹೋಟೆಲಿದ್ದದ್ದು ಸಮುದ್ರದಿಂದ ದೂರ, ಭತ್ತದ ಗದ್ದೆಗಳ ನಡುವೆ. ಮೊದಲ ದಿನವೆಲ್ಲ ಕಂಪನಿಯ ಮೀಟಿಂಗೇ ಆಯಿತು. ಹೆಂಗಸರಿಗೆ ಗದ್ದೆ ನೋಡುವುದೇ ಕೆಲಸ. ಅಯ್ಯೋ ರಾಮ, ಭತ್ತದ ಗದ್ದೆ ನೋಡಲು ಅಷ್ಟು ದೂರ ಹಾರಬೇಕಿತ್ತೇ! ಬೆಳಿಗ್ಗೆ ಅಲ್ಲಿಯ ಹೆಂಗಸರು ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ, ಬಾಗಿಲ ಮುಂದೆ ಇಡುವುದು ಮಾತ್ರ ಅವಳಿಗೆ ಬಹಳ ಹಿಡಿಸಿತು. "ನಮ್ಮ ಹೊಸ್ತಿಲ ಪೂಜೆ ಇದ್ದಂಗೇ ಐತೆ ಕಣೆ" ಎಂದು ಮಗಳಿಗೆ ತೋರಿಸಿದಳು.

ಸಮುದ್ರಕ್ಕೆಂದು ಇದ್ದದ್ದು ಕೊನೆಯ ದಿನ, ಶನಿವಾರ. ಬೆಳಿಗ್ಗೆ ಒಂಬತ್ತಕ್ಕೊಂದು ಬಸ್ಸು, ಸಂಜೆಗೊಂದು, ಯಾವುದಾದರೂ ಆರಿಸಿಕೊಳ್ಳಿ ಎಂದು ಬೆಂಗಳೂರಿನಿಂದ ಜೊತೆಗೆ ಬಂದಿದ್ದ ಟೂರ್ ಮ್ಯಾನೇಜರ್ ಹರಿಪ್ರಸಾದ್ ಹೇಳಿದ. ಗಂಗಲಕ್ಷ್ಮಮ್ಮ ಹಿಂದಿನ ರಾತ್ರಿಯೇ ಸೀರೆ ಎತ್ತಿಟ್ಟುಕೊಂಡು ಕೂತಿದ್ದಳು.

ಕಾಂತರಾಜು ಫೋನಿನಲ್ಲಿ ಪಂಚಾಂಗ ತೆಗೆದ. "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆ ಹೊತ್ನಲ್ಲಿ ನೀರಿನ ಕಡೆ ಹೊರಡೋದಾ? ಸಂಜೇದಕ್ಕೇ ಬರ್ಕಳಿ."

ಹರಿಪ್ರಸಾದ್ ನಕ್ಕ. "ಸಾರ್, ಇಲ್ಲಿ ಟೈಮು ನಮಗಿಂತ ಎರಡೂವರೆ ಗಂಟೆ ಮುಂದೆ. ಇಲ್ಲಿ ಒಂಬತ್ತು ಅಂದ್ರೆ ನೆಲಮಂಗಲದಲ್ಲಿ ಆರೂವರೆ. ಯಾವ ರಾಹುಕಾಲಾನೂ ಇಲ್ಲ."

"ರಾಹು ಏನು ನೆಲಮಂಗಲದ ಗಡಿಯಾರ ಕಟ್ಕಂಡು ಓಡಾಡ್ತಾನೇನ್ರೀ? ಒಂಬತ್ತು ಅಂದ್ರೆ ಒಂಬತ್ತೇ!"

ಗುಂಪಿನಲ್ಲಿದ್ದವರೆಲ್ಲ ನಮ್ಮ ಕಡೆಯವರೇ ತಾನೇ. ಹೌದು ಹೌದು ಎಂದು ತಲೆ ಆಡಿಸಿದರು. ದೊಡ್ಡಬಳ್ಳಾಪುರದಲ್ಲಿ ಅಂಗಡಿ ಇಟ್ಟಿದ್ದ ಪಿಳ್ಳಣ್ಣನಂತೂ, "ಸಂಜೆ ಹೋದ್ರೆ ಬೆಂಕಿ ಕುಣಿತಾನೂ ಐತಂತೆ ಗುರು" ಎಂದು ಜೋರಾಗಿ ಒತ್ತಿದ. ಈ ಪಿಳ್ಳಣ್ಣ ಮುರಳಿಯ ತಾಯಿಯ ಅಣ್ಣ. ಅವನ ಬಾಯಿಗೆ ಬಿದ್ದ ಮಾತು ವಿಮಾನ ಇಳಿಯುವ ಮೊದಲೇ ಊರು ತಲುಪುತ್ತಿತ್ತು.

"ಬೆಳಿಗ್ಗೇನೇ ಹೋಗಾನ ಮಾವ," ಎಂದಳು ಗಂಗಲಕ್ಷ್ಮಮ್ಮ.

"ಯಾಕೆ?"

ಏನೆಂದು ಹೇಳುವುದು? ಪಿಳ್ಳಣ್ಣ ಕಿವಿ ನಿಮಿರಿಸಿ ನಿಂತಿದ್ದ. ಅವಳು ಮಗಳ ಮುಖ ನೋಡಿದಳು. ರಂಜಿತಳೂ "ಅಪ್ಪ, ಬೆಳಿಗ್ಗೆ ಹೋದ್ರೇನೇ ಚೆಂದ" ಎಂದಳು. ತನಗಾಗಿ ಹೇಳಿತಲ್ಲ ಮಗು ಎಂದು ತಾಯಿ ಅಂದುಕೊಂಡಳು. ಕಾಂತರಾಜು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೂ ಲೆಕ್ಕ ತಪ್ಪಿರಲಿಲ್ಲ. ಮೂರೂವರೆಗೆ ಬಸ್ಸು ಬಿಟ್ಟರೆ ಬೆಳಕಿರುವಾಗಲೇ ಮುಟ್ಟಬಹುದಿತ್ತು. ನೇರವಾಗಿ ಹೋದರೆ ತಾನೇ! ಅಲ್ಲಿಯ ಗೈಡು ದಾರಿಯಲ್ಲಿ ಮೊದಲು ಕಾಫಿ ಅಂಗಡಿಗೆ ಇಳಿಸಿದ. ಆಮೇಲೆ ಬಟ್ಟೆ ಅಂಗಡಿ. ಅಲ್ಲಿ ಕಾಂತರಾಜು ಚಿಕ್ಕಪೇಟೆಯಲ್ಲಿ ನಿಂತವನಂತೆ ಒಂದು ಲುಂಗಿಗೆ ಚೌಕಾಸಿ ಮಾಡತೊಡಗಿದ.

"ಹೊತ್ತು ಮುಳುಗ್ತದೆ, ನಡೀರಿ ಮಾವ."

"ಸಮುದ್ರ ಎಲ್ಲೋಯ್ತದೆ ಬಿಡೇ. ಅಲ್ಲೇ ಬಿದ್ದಿರ್ತದೆ."

ಮತ್ತೆ ಬಸ್ಸು ಹೊರಟರೆ ದಾರಿಗೆ ಅಡ್ಡಲಾಗಿ ದೇವರ ಮೆರವಣಿಗೆ. ತಲೆಯ ಮೇಲೆ ಹಣ್ಣಿನ ಗೋಪುರ ಹೊತ್ತ ಹೆಂಗಸರು, ಬಿಳಿ ಛತ್ರಿ, ತಾಳ. ಎಲ್ಲರೂ ಫೋನು ಹಿಡಿದು ಕೆಳಗಿಳಿದರು. ಗಂಗಲಕ್ಷ್ಮಮ್ಮ ಇಳಿಯಲಿಲ್ಲ. ಕಿಟಕಿಗೆ ಹಣೆ ಒತ್ತಿಕೊಂಡು ತೆಂಗಿನ ಮರಗಳ ಹಿಂದೆ ಜಾರುತ್ತಿದ್ದ ಸೂರ್ಯನನ್ನೇ ನೋಡುತ್ತಿದ್ದಳು. ಇನ್ನೊಂಚೂರು ನಿಲ್ಲಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಬಾಯಲ್ಲೇ ಅಂದುಕೊಂಡಳು. ಅವನೇನು ಕೇಳುತ್ತಾನೆಯೇ.

ಕಡಲಿಗೆ ಚಾಚಿದ ಬಂಡೆಯ ಮೇಲೊಂದು ದೇವಸ್ಥಾನ. ಮೂರು ಕಡೆ ಸಮುದ್ರ, ಒಂದು ಕಡೆ ಮಾತ್ರ ನೆಲ. ಬಾಗಿಲಲ್ಲಿ ಎಲ್ಲರಿಗೂ ಸೊಂಟಕ್ಕೆ ಹಳದಿ ವಸ್ತ್ರ ಕಟ್ಟುತ್ತಿದ್ದರು, ಅದಕ್ಕೂ ಸಾಲು. ಅವಳ ಸರದಿ ಬರುವಷ್ಟರಲ್ಲಿ ಮುಂದೆ ನಿಂತವರ ಬೆನ್ನು ಬೂದಿ ಬಣ್ಣಕ್ಕೆ ತಿರುಗಿತ್ತು. ಮೆಟ್ಟಿಲು ಹತ್ತುವಾಗ ಆ ಬೂದಿಯೂ ಕರಗಿಹೋಯಿತು. "ಆಹಾ, ಎಂಥಾ ಕೆಂಪು ನೋಡ್ರೋ!" ಎಂದು ಜನ ಕೂಗುತ್ತಿದ್ದರು. ಅವಳ ಪಾಲಿಗೆ ಕೆಂಪೂ ಇರಲಿಲ್ಲ, ನೀರೂ ಇರಲಿಲ್ಲ. ಮಲ್ಪೆಯಲ್ಲಿ ಕೇಳಿದ ಅದೇ ಸದ್ದು ಮಾತ್ರ ಇತ್ತು. ಇಷ್ಟು ದೂರ ಹಾರಿ ಬಂದು ಮತ್ತದೇ ಬಸ್ಸಿನ ಮೆಟ್ಟಿಲ ಮೇಲೆ ಕೂತ ಹಾಗಾಯಿತಲ್ಲ ಎಂದುಕೊಂಡಳು.

ಬೆಂಕಿಯ ಕುಣಿತ ಶುರುವಾಯಿತು. ಬರಿಮೈಯ ಗಂಡಸರು ದುಂಡಗೆ ಕೂತು 'ಚಕ್ ಚಕ್ ಚಕ್' ಎಂದು ಬಾಯಲ್ಲೇ ತಾಳ ಹಾಕುವ ಸದ್ದು. ನಡುವೆ ಒಂದು ಕೆಂಡದ ಚುಕ್ಕಿಯಷ್ಟು ಉರಿ ಮಾತ್ರ ಅವಳಿಗೆ ಕಂಡಿತು. "ನಮ್ಮ ಆಂಜನೇಯ ಕಣೇ! ಲಂಕೆ ಸುಡ್ತಾವ್ನೆ!" ಎಂದು ಕಾಂತರಾಜು ಮಗುವಿನಂತೆ ಚಪ್ಪಾಳೆ ತಟ್ಟುತ್ತಿದ್ದ.

ಮುಗಿದು ಎಲ್ಲರೂ ಎದ್ದಾಗ ಅವಳು ಮಗಳ ಕಿವಿಯಲ್ಲಿ ಹೇಳಿದಳು. "ಸಮುದ್ರ ಕಾಣೋ ಕಡೆ ಒಂದ್ಗಳಿಗೆ ಕರ್ಕಂಡೋಗೇ."

ರಂಜಿತ ಅವಳ ಕೈ ಬಿಗಿಯಾಗಿ ಹಿಡಿದು ನಡೆದಳು. ಕಲ್ಲಿನ ಕಟ್ಟೆಗೆ ಮೊಣಕಾಲು ತಾಗಿದಾಗ ಇಬ್ಬರೂ ನಿಂತರು. ಸದ್ದು ಎಲ್ಲ ಕಡೆಯಿಂದಲೂ ಏಳುತ್ತಿತ್ತು.

"ನಂಗೆ ಸರಿಯಾಗಿ ಕಾಣ್ತಿಲ್ಲ ಕಣೆ. ಹೆಂಗೈತೆ ಹೇಳು."

ರಂಜಿತ ಹೇಳತೊಡಗಿದಳು. "ತುಂಬಾ ದೊಡ್ಡದಮ್ಮ. ಕೊನೇನೇ ಇಲ್ಲ. ಇನ್ನೂ ಒಂಚೂರು ಬೆಳಕೈತೆ, ನೀರೆಲ್ಲ ನೀಲಿ. ದೂರದಲ್ಲಿ ಒಂದು ದೋಣಿ ಹೋಗ್ತೈತೆ, ದೀಪ ಹಚ್ಕೊಂಡು. ಅಲೆ ಬಂದು ಬಂಡೆಗೆ ಹೊಡೆದು ಬೆಳ್ಳಗೆ ನೊರೆ ಏಳ್ತೈತೆ, ಹಾಲು ಉಕ್ಕಿದಂಗೆ."

ಗಂಗಲಕ್ಷ್ಮಮ್ಮನ ಕಣ್ಣಲ್ಲಿ ನೀರು ಇಳಿಯಿತು. ಅವಳು ಎಲ್ಲವನ್ನೂ ಕಂಡಳು, ದೋಣಿಯನ್ನೂ ಅದರ ದೀಪವನ್ನೂ ಕಂಡಳು. ನನ್ನದು ಹೋದರೆ ಹೋಗಲಿ, ನನ್ನ ಮಗಳ ಕಣ್ಣು ಇದೆಯಲ್ಲ, ಸಾಕು ಎಂದುಕೊಂಡಳು. ಬಹಳ ವರ್ಷಗಳಿಂದ ಇಷ್ಟು ಹಗುರಾಗಿ ಅವಳು ಉಸಿರಾಡಿರಲಿಲ್ಲ.

ಹಿಂದಿನಿಂದ ಪಿಳ್ಳಣ್ಣನ ನಗು ಕೇಳಿತು. "ಇದೇನಕ್ಕಾ, ತಾಯಿ ಮಗಳು ಇಬ್ರೂ ಕಾಂಪೌಂಡ್ ಗೋಡೆ ನೋಡ್ಕಂಡು ನಿಂತಿದೀರಾ! ಸಮುದ್ರ ಈ ಕಡೆ ಐತೆ, ತಿರುಗ್ರಿ! ಆದ್ರೂ ಈಗೇನೈತೆ, ಬರೀ ಕಪ್ಪು." ಅಷ್ಟು ಹೇಳಿ ಅವನು ಬಸ್ಸಿನ ಕಡೆ ಹೊರಟುಹೋದ.

ಗಂಗಲಕ್ಷ್ಮಮ್ಮ ಕೈ ಚಾಚಿದಳು. ಒರಟು ಗೋಡೆ ಬೆರಳಿಗೆ ಸಿಕ್ಕಿತು. ಇನ್ನೊಂದು ಕೈಯಲ್ಲಿ ಮಗಳ ಕೈ ತಣ್ಣಗಾಗಿತ್ತು.

"ಯಾವತ್ತಿಂದ್ಲೇ?"

"ಪಿಯುಸಿಯಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ಯಾ? ಆಸ್ಪತ್ರೆ ಚೀಟಿ ಬೀರುವಲ್ಲಿ ನೋಡ್ದೆ ನಾನು."

ತಾಯಿ ಮಗಳ ಕೈ ಹಿಡಿದು ಎಳೆದಳು. "ನಡಿ, ನಿಮ್ಮಪ್ಪಂಗೆ ಈಗ್ಲೇ ಹೇಳ್ತೀನಿ. ಈ ಮದ್ವೆ ಬೇಡ. ನಮ್ಮ ನಮ್ಮಲ್ಲೇ ಕೊಟ್ಟೂ ತಂದೂ ಹಿಂಗಾಗಿರೋದು. ಹುಟ್ಟೋ ಮಕ್ಕಳಿಗೂ..."

"ಸುಮ್ನಿರಮ್ಮ!" ರಂಜಿತ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಇದು ಗೊತ್ತಾದ್ರೆ ಹೊರಗಿನವರು ಯಾರು ಮಾಡ್ಕೊಳ್ತಾರೆ ನನ್ನ? ಮುರಳಿ ಆದ್ರೆ ನಮ್ಮವನು. ಗೊತ್ತಾದ್ರೂ ಬೀದಿಗೆ ಬಿಡಲ್ಲ. ಕೈ ಹಿಡ್ಕೊಂಡಾದ್ರೂ ನಡೆಸ್ತಾನೆ. ಅಪ್ಪ ನಿನ್ನ ನಡೆಸ್ಲಿಲ್ವಾ?"

ಅಷ್ಟರಲ್ಲಿ ಕಾಂತರಾಜು ಇಬ್ಬರನ್ನೂ ಹುಡುಕುತ್ತಾ ಬಂದು, "ಇಲ್ಲಿದೀರಾ! ನಿಂತ್ಕಳಿ, ನೆನಪಿಗೆ ಒಂದು ಫೋಟೋ" ಎಂದು ಫೋನು ಎತ್ತಿದ. ಫ್ಲಾಶ್ ಹೊಡೆಯಿತು. ಆಮೇಲೆ ಅವನೇ ಇಬ್ಬರ ಕೈ ಹಿಡಿದು ಮೆಟ್ಟಿಲು ಇಳಿಸಿದ, ಜನಜಂಗುಳಿ ಎಂದು.

ಆ ಫೋಟೋ ಈಗ ದೊಡ್ಡದಾಗಿ ಅಂಗಡಿಯಲ್ಲಿ ಬಣ್ಣದ ಡಬ್ಬಗಳ ಮೇಲೆ ನೇತಾಡುತ್ತಿದೆ. ತಾಯಿ ಒಂದು ಕಡೆ, ಮಗಳು ಇನ್ನೊಂದು ಕಡೆ ನೋಡುತ್ತಿದ್ದಾರೆ. ಗಿರಾಕಿಗಳು ಕೇಳಿದರೆ ಕಾಂತರಾಜು, "ಸಮುದ್ರ ನೋಡಿ ಮೈ ಮರೆತಿದಾರೆ ಕಣಪ್ಪಾ" ಎಂದು ಹೆಮ್ಮೆಯಿಂದ ಹೇಳುತ್ತಾನೆ. ತಾಂಬೂಲ ಬದಲಾಯಿಸಿದ್ದಾಯಿತು. ಲಗ್ನಪತ್ರಿಕೆಯೂ ಅಚ್ಚಾಗಿ ಬಂದಿದೆ.

ಈಗೀಗ ಗಂಗಲಕ್ಷ್ಮಮ್ಮ ಏನಾದರೊಂದು ನೆಪ ಹೇಳಿ ಮಗಳನ್ನು ದೊಡ್ಡಬೆಳವಂಗಲಕ್ಕೆ, ಅವಳು ಸೊಸೆಯಾಗಿ ಸೇರಲಿರುವ ತಮ್ಮನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಹೋಗುವುದು ಮಧ್ಯಾಹ್ನ, ಚಿನ್ನಸ್ವಾಮಿಯ ಮನೆಯವರೆಲ್ಲ ತೋಟಕ್ಕೆ ಹೋಗಿರುವ ಹೊತ್ತಿಗೆ. ಬಾಗಿಲು ಮುಂದಕ್ಕೆ ಹಾಕಿ, ಮಗಳನ್ನು ನಡುಮನೆಯಲ್ಲಿ ನಿಲ್ಲಿಸಿ ಹೇಳುತ್ತಾಳೆ.

"ಕಣ್ಮುಚ್ಕೊ. ಈಗ ಹಿತ್ತಲಿಗೋಗಿ ಒಂದು ಚೊಂಬು ನೀರು ತಕಂಬಾ."