ಒಗೆಯುವ ಕಲ್ಲಿನವರೆಗೆ ಹೋದ ಬೇರು

ಕಡಿದ ಮರದ ಬೊಡ್ಡೆ ಕೀಳುವವನನ್ನು ಜನ ಬೊಡ್ಡೆಯಣ್ಣ ಎನ್ನದೆ ಇನ್ನೇನೆಂದಾರು? ಮನೆ ಕಟ್ಟುವವರಿಗೆ ಜಾಗ ಹದ ಮಾಡಿಕೊಡುವುದು ಅವನ ಕಸುಬು. ಮರ ಕಡಿಯುವವರು ನೆಲದ ಮೇಲಿನದನ್ನು ಉರುಳಿಸಿ, ಕೈ ಒರೆಸಿಕೊಂಡು ಹೋಗಿಬಿಡುತ್ತಾರೆ. ಗಾರೆಯವರು ನೆಲ ಚೊಕ್ಕಟವಾದ ಮೇಲೆ ದಾರ ಹಿಡಿದು ಬರುತ್ತಾರೆ. ನಡುವಿನ ಒದ್ದಾಟವೆಲ್ಲ ಬೊಡ್ಡೆಯಣ್ಣನದು. ಮನೆ ಎದ್ದ ಮೇಲೆ ಗಾರೆಯವನು ಅದನ್ನು ತೋರಿಸಿ ಮೀಸೆ ತಿರುವಬಹುದು. ಬೊಡ್ಡೆಯಣ್ಣ ಏನನ್ನು ತೋರಿಸಬೇಕು? ಇಲ್ಲದ್ದನ್ನೇ?

ಅದಕ್ಕೋ ಏನೋ, ಅವನಿಗೊಂದು ಚಟ ಅಂಟಿಕೊಂಡಿತ್ತು. ಬೊಡ್ಡೆಯನ್ನು ತುಂಡು ಮಾಡಿ ತೆಗೆಯುವುದೆಂದರೆ ಅವನಿಗೆ ಅವಮಾನ. ಸುತ್ತ ಅಗೆದು, ಹಾರೆ ಕೊಟ್ಟು, ಚೈನ್ ಪುಲ್ಲಿ ಬಿಗಿದು, ಬೇರುಗಳ ಸಮೇತ ಇಡಿಯಾಗಿ ಎಬ್ಬಿಸಬೇಕು. ಆಮೇಲೆ ಅದನ್ನು ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕು. ಹಾಗೆ ನಿಲ್ಲುವ ಸುಖಕ್ಕಾಗಿ ಅವನು ಎಷ್ಟೋ ಜನರ ಹೂಗಿಡ, ಮೆಟ್ಟಿಲು, ಒಮ್ಮೆ ಒಂದು ನಾಯಿಗೂಡನ್ನೂ ಬಲಿ ಕೊಟ್ಟಿದ್ದ.

ಇಂಥವನನ್ನು ಮಗಳ ಅತ್ತೆಮನೆಯವರೇ ಕೆಲಸಕ್ಕೆ ಕರೆದರು. ಮಗಳು-ಅಳಿಯನಿಗೆಂದು ಹಳೆಮನೆಯ ಪಕ್ಕದ ಖಾಲಿ ಜಾಗದಲ್ಲಿ ಎರಡು ಕೋಣೆ ಎಬ್ಬಿಸುವುದಿತ್ತು. ಅಲ್ಲಿದ್ದ ಗುಲ್‌ಮೊಹರ್ ಮರ ಉರುಳಿತ್ತು, ಬೊಡ್ಡೆ ಮಾತ್ರ ಜಗ್ಗದೆ ಕೂತಿತ್ತು. ಬೀಗಿತ್ತಿ ಮೊದಲು ತರಿಸಿದ್ದು ಮಣ್ಣು ಅಗೆಯುವ ಯಂತ್ರವನ್ನು. ಅದು ಓಣಿಯ ಬಾಯಲ್ಲೇ ಸಿಕ್ಕಿಕೊಂಡು, ಹೇಗೋ ಬಿಡಿಸಿಕೊಂಡು, ಹಿಮ್ಮುಖವಾಗಿಯೇ ವಾಪಸಾಯಿತು. ಆಗ ನೆನಪಾದವನು ಬೊಡ್ಡೆಯಣ್ಣ.

ಬೀಗಿತ್ತಿಯೆಂದರೆ ಅವನಿಗೆ ಭಯ ಅಂತಲ್ಲ. ಎದುರು ಬಂದರೆ ಕಾರಣವಿಲ್ಲದೆ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ, ಅಷ್ಟೇ. ಆಕೆಗೆ ಹಿತ್ತಲಿನ ಒಗೆಯುವ ಕಲ್ಲೆಂದರೆ ಪ್ರಾಣ. ತಾವು ಈ ಮನೆಗೆ ಕಾಲಿಟ್ಟಾಗಿನಿಂದ ಗಟ್ಟಿಯಾಗಿ ಕೂತಿದ್ದ ಕಲ್ಲು ಎರಡು ವರ್ಷದಿಂದ ಗಡಗಡ ಅಲ್ಲಾಡುತ್ತಿತ್ತು. ಸೊಸೆ ಬಂದದ್ದೂ ಎರಡು ವರ್ಷದ ಹಿಂದೆಯೇ. ಇನ್ನೇನು ಬೇಕು? ಬೊಡ್ಡೆ ಕೀಳುವವನ ಮಗಳು, ಕೈ ಬಿರುಸು, ಬಟ್ಟೆ ಕುಕ್ಕಿ ಕುಕ್ಕಿ ಕಲ್ಲಿನ ಬುಡವನ್ನೇ ಸಡಿಲ ಮಾಡಿಟ್ಟಳು ಎಂಬ ಸುದ್ದಿಯನ್ನು ಆಕೆ ಬಂದ ನೆಂಟರಿಗೆಲ್ಲ ಕುಡಿಯಲು ನೀರು ಕೊಡುವ ಮೊದಲೇ ಕೊಡುತ್ತಿದ್ದರು.

ಹಾಗಾಗಿ ಕೆಲಸದ ದಿನ ಮಗಳು ಅಪ್ಪನನ್ನು ಗೇಟಿನ ಬಳಿಯೇ ತಡೆದಳು.

"ಅಪ್ಪ, ಅದನ್ನ ತುಂಡು ತುಂಡು ಮಾಡಿ ತೆಗೆದು, ಊಟ ಮಾಡಿ ಮನೆಗೆ ಹೋಗು. ನಿನ್ನ ಪೌರುಷ ಇಲ್ಲಿ ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅನ್ನಿಸಿಕೊಳ್ಳೋಳು ನಾನು."

"ತುಂಡೇ ಮಾಡ್ತೀನಿ ಬಿಡು. ನಾನೇನು ಹುಚ್ಚನೇನೇ?" ಎಂದ ಬೊಡ್ಡೆಯಣ್ಣ.

ಮಗಳು ಅವನ ಹೆಗಲ ಮೇಲಿನ ಹಾರೆಯನ್ನೊಮ್ಮೆ ನೋಡಿ ಒಳಗೆ ಹೋದಳು.

ಮಧ್ಯಾಹ್ನದವರೆಗೆ ಮಾತು ಉಳಿಸಿಕೊಂಡ. ಕೊಡಲಿ ಎತ್ತಿ ಒಂದೊಂದೇ ಬೇರು ಕಡಿದ. ಕಡಿಯುವಾಗ ಬೇರೆಯವರ ಪಾಪಕ್ಕೆ ತಾನು ಸಾಕ್ಷಿಯಾದವನಂತೆ ಮುಖ ಆಚೆ ತಿರುಗಿಸಿದ. ಆಮೇಲೆ ಆ ಬೇರು ಕಣ್ಣಿಗೆ ಬಿತ್ತು. ತೊಡೆಯಷ್ಟು ದಪ್ಪ, ನೆಲಕ್ಕೆ ತೀರ ಹತ್ತಿರ, ಎಲ್ಲೂ ಸೊಟ್ಟಗಾಗದೆ ಹಿತ್ತಲ ಕಡೆಗೆ ಹೊರಟಿತ್ತು. ಎಲ್ಲಿಗೆ ಹೋಗುತ್ತದೋ ನೋಡಿಬಿಡೋಣ, ನೋಡಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡ. ಒಂದು ಮಾರು ಅಗೆದ. ಬೇರು ಇನ್ನೂ ಮುಂದಿತ್ತು. ಮತ್ತೊಂದು ಮಾರು ಅಗೆದ. ಅಷ್ಟು ಹೊತ್ತಿಗೆ ಮಗಳು, ಬೀಗಿತ್ತಿ, ಕೊಟ್ಟ ಮಾತು ಎಲ್ಲವೂ ಅವನ ತಲೆಯಿಂದ ಇಳಿದುಹೋಗಿದ್ದವು. ಕೊನೆಗೆ ಬೇರಿನ ಅಡಿಗೆ ಹಾರೆ ತೂರಿಸಿ, ಹಲ್ಲು ಕಚ್ಚಿ ಒಮ್ಮೆ ಮೀಟಿದ.

ಎದುರಿಗೇ ಧೊಪ್ಪೆಂದಿತು. ತಲೆ ಎತ್ತಿದರೆ ಒಗೆಯುವ ಕಲ್ಲು ಅಂಗಾತ ಬಿದ್ದಿತ್ತು. ಅದರ ಮೇಲಿದ್ದ ಸೋಪಿನ ಡಬ್ಬಿ ಉರುಳುರುಳಿ ಹೋಗಿ ಬೀಗಿತ್ತಿಯವರ ಪಾದದ ಬಳಿ ನಿಂತಿತು.

ಅಂಗಿಯ ಗುಂಡಿ ಸರಿಮಾಡಿಕೊಳ್ಳೋಣವೆಂದರೆ ಅಂಗಿಯನ್ನು ಬೆಳಿಗ್ಗೆಯೇ ಬಿಚ್ಚಿಟ್ಟಿದ್ದ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮಗಳ ಮುಖ ಬಿಳುಚಿಕೊಂಡಿತ್ತು. ಆ ಮುಖ ನೋಡಿ ಬೊಡ್ಡೆಯಣ್ಣನಿಗೆ ತಾನು ತೋಡಿದ ಹಳ್ಳದಲ್ಲೇ ಮಲಗಿ, ಮೇಲೆ ಮಣ್ಣೆಳೆದುಕೊಳ್ಳೋಣ ಅನ್ನಿಸಿತು.

ಬೀಗಿತ್ತಿ ಹತ್ತಿರ ಬಂದು, ಕಲ್ಲಿದ್ದ ಜಾಗವನ್ನು ಬಗ್ಗಿ ನೋಡಿದರು. ಬೇರು ಅಲ್ಲಿ ಡುಬ್ಬ ಎಬ್ಬಿಸಿಕೊಂಡಿತ್ತು. ಕಲ್ಲು ಅತ್ತಿತ್ತ ಉಜ್ಜಿ ಉಜ್ಜಿ ಆ ಡುಬ್ಬದ ಸಿಪ್ಪೆಯೆಲ್ಲ ಸವೆದು, ಹಳೆಯ ಬಾಗಿಲ ಹಿಡಿಯ ಹಾಗೆ ನುಣುಪಾಗಿತ್ತು. ಕಲ್ಲನ್ನು ಕೆಳಗಿನಿಂದ ಎತ್ತಿ ಎತ್ತಿ ಅಲ್ಲಾಡಿಸಿದವರು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೊಡ್ಡೆಯಣ್ಣ ಹೇಳಲೂ ಇಲ್ಲ. ಬಾಯಿ ಮುಚ್ಚಿಕೊಂಡು ಅವನು ಉದ್ಧಾರವಾದ ದಿನ ಅದೊಂದೇ.

ಆಕೆ ಬೇರನ್ನು ನೋಡಿದರು, ಸೊಸೆಯನ್ನು ನೋಡಿದರು. ತಪ್ಪನ್ನು ಯಾರ ಮೇಲಾದರೂ ಹಾಕಲೇಬೇಕಿತ್ತಲ್ಲ, ಮನೆಯ ಕಡೆ ತಿರುಗಿ ಗಂಡನನ್ನು ಕೇಳಿದರು:

"ರೀ, ಈ ಮರ ನೆಟ್ಟೋರು ಯಾರು?"

ಒಳಗೆ ಪೇಪರ್ ಓದುತ್ತಿದ್ದ ಬೀಗರು ಹೆಂಡತಿ ಹೊಗಳುತ್ತಿದ್ದಾಳೆಂದೇ ತಿಳಿದರು. "ನಾನೇ ಕಣೇ. ಹೂ ಎಷ್ಟು ಚೆನ್ನಾಗಿ ಬಿಡ್ತಿತ್ತು, ಅಲ್ವಾ?"

ಹೊರಗಿನ ಮೌನ ಕೇಳಿ ಅವರಿಗೆ ಏನೋ ಹೊಳೆದಿರಬೇಕು. ಪೇಪರು ಮಡಚಿದ ಸದ್ದು, ಹಿಂದೆಯೇ ಚಪ್ಪಲಿ ಮೆಟ್ಟಿದ ಸದ್ದು ಬಂತು. ಬೀಗಿತ್ತಿ ಒಳಗೆ ಹೋಗುವಷ್ಟರಲ್ಲಿ ಅವರು ಓಣಿಯ ತುದಿಯಲ್ಲಿದ್ದರು.

ಬೊಡ್ಡೆ ಇಡಿಯಾಗಿ ಬರಲಿಲ್ಲ. ಮಗಳ ಮುಖ ನೋಡಿದವನು ಉಳಿದದ್ದನ್ನೆಲ್ಲ ತುಂಡು ಮಾಡಿದ, ಆ ಉದ್ದನೆಯ ಬೇರನ್ನೂ. ಕಲ್ಲಿನ ಜಾಗಕ್ಕೆ ಮಣ್ಣು ತುಂಬಿ, ನೀರು ಬಿಟ್ಟು, ದಮ್ಮಸು ಹಾಕಿ ಕಲ್ಲನ್ನು ಮತ್ತೆ ಕೂರಿಸಿದ. ಬೀಗಿತ್ತಿ ತಾವೇ ಒಂದು ಟವೆಲು ನೆನೆಸಿ ತಂದು ಕುಕ್ಕಿದರು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಕುಕ್ಕಿದರು. ಆಮೇಲೆ ಆ ಟವೆಲನ್ನು ಸೊಸೆಯ ಕೈಗೆ ಕೊಟ್ಟರು.

"ತಗೋಮ್ಮ. ಇನ್ಮೇಲೆ ಎಷ್ಟು ಜೋರಾಗಿ ಬೇಕಾದ್ರೂ ಕುಕ್ಕು."

ಮಗಳು ಕುಕ್ಕಿದಳು. ಎರಡು ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಕುಕ್ಕಿದಳು. ಆ ಸದ್ದು ಓಣಿಯ ತುದಿಯಲ್ಲಿದ್ದ ಬೀಗರಿಗೂ ಕೇಳಿಸಿ, ಇನ್ನೊಂದು ಸುತ್ತು ನಡೆದುಬರುವುದೇ ಮೇಲೆಂದು ಅವರು ಹೊರಟರಂತೆ.

ಬೊಡ್ಡೆಯಣ್ಣ ಹೊರಡುವಾಗ ಮಗಳು ಗೇಟಿನವರೆಗೆ ಬಂದಳು. ಬೇರು ಕಲ್ಲಿನಡಿಗೇ ಹೋಗಿದೆಯೆಂದು ಮೊದಲೇ ಗೊತ್ತಿತ್ತಾ ಎಂದು ಕೇಳಿದಳು.

"ಗೊತ್ತಿಲ್ದೆ ಅಗೀತೀನೇನೇ?"

ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಅಪ್ಪನ ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು, ಬಿಚ್ಚಿ ಸರಿಯಾಗಿ ಹಾಕಿ ಕಳಿಸಿದಳು.