ಮೇಜಿನ ಕಾಲಡಿಯ ಕವಿ

ನಮ್ಮ ಅಡುಗೆಮನೆಯ ಮೇಜಿಗೆ ಒಂದು ಕಾಲು ಗಿಡ್ಡ. ಅದು ಅಲುಗಾಡದಂತೆ ಕೆಳಗೊಂದು ಪುಸ್ತಕವಿದೆ. ಪುಸ್ತಕವನ್ನು ಹೀಗೆ ನೆಲಕ್ಕೆ ಹಾಕಿದವಳೆಂದು ಬೈಯುವ ಮೊದಲು, ಗೆಳೆಯರೇ, ಅದರ ಕತೆ ಕೇಳಿ.

ಮೇಜು ಮೊದಲು ಪಕ್ಕದ ಮನೆಯ ಹಿಲ್ಡಾ ಅವರದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಇಂಗ್ಲಿಷರ ಈ ನಾಡಿಗೆ ಬಂದು, ನಾವಿರುವ ಕ್ರೋಯ್ಡನ್ನಿನಲ್ಲೇ ಮುದುಕಿಯಾದವರು. ತೊಂಬತ್ತರ ದಶಕದಲ್ಲಿ, ಡಾಕ್ಟರಾದ ನನ್ನ ಗಂಡ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡಿದ್ದಾಗ, ಧಾರವಾಡದ ನನಗೆ ಮಾತಿಗೆ ಸಿಕ್ಕವರು ಅವರೊಬ್ಬರೇ. ಒಂದು ಮಧ್ಯಾಹ್ನ ಅವರಲ್ಲಿ ಚಹಾ ಕುಡಿಯುತ್ತಿದ್ದಾಗ ನನ್ನ ಕಾಲು ಆ ಪುಸ್ತಕಕ್ಕೆ ತಾಗಿತು. ತಟ್ಟನೆ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಮ್ಮಲ್ಲಿ ಪುಸ್ತಕವೆಂದರೆ ಸರಸ್ವತಿ ಎಂದೆ. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಅವು ನನ್ನ ಅಪ್ಪನ ಕವಿತೆಗಳು. ಅವಕ್ಕೆ ನಮಸ್ಕರಿಸಬೇಡ," ಎಂದರು.

ಅಪ್ಪ ಹಳ್ಳಿಶಾಲೆಯ ಮೇಷ್ಟ್ರಂತೆ. ತನ್ನೂರಿನ ಹೊಳೆ, ಅಂಗಳದ ವಾಲ್‌ನಟ್ ಮರ, ಉತ್ತ ಹೊಲದ ಮಣ್ಣಿನ ವಾಸನೆ, ಇವುಗಳ ಮೇಲೆ ಹಾಡು ಕಟ್ಟಿ ಊರೆಲ್ಲ ಹಾಡುವಂತೆ ಮಾಡಿದವನು. ಸರ್ವಾಧಿಕಾರಿಯ ಜನ ಬಂದು ದೇಶಭಕ್ತ ಕವಿಯೆಂದು ಬೆನ್ನು ತಟ್ಟಿದಾಗ ಉಬ್ಬಿಹೋದ; ಅಲ್ಲಿಂದಾಚೆಗೆ ಹಾಡಿನಲ್ಲಿ ಮಣ್ಣಿದ್ದ ಜಾಗಕ್ಕೆ ನೆತ್ತರು ಬಂತು, ಮರವಿದ್ದ ಜಾಗಕ್ಕೆ ಬಾವುಟ ಬಂತು. ಎದುರುಮನೆಯ ಯಹೂದಿ ಕುಟುಂಬವನ್ನು ಎಳೆದೊಯ್ದವರ ಬಾಯಲ್ಲೂ ಅದೇ ಹಾಡು. ಅದನ್ನೇ ಹಾಡುತ್ತಾ ಯುದ್ಧಕ್ಕೆ ಹೋದ ಹಿಲ್ಡಾರ ಅಣ್ಣ ಮರಳಲಿಲ್ಲ. ಪುಸ್ತಕವನ್ನು ಸುಡೋಣವೆಂದರೆ ಅಪ್ಪನ ಕೈಬರಹವೂ ಅದರೊಳಗಿದೆ, ಕಪಾಟಿನಲ್ಲಿಟ್ಟು ಗೌರವಿಸಲು ಮನಸ್ಸು ಒಪ್ಪುವುದಿಲ್ಲ. ಐವತ್ತು ವರ್ಷ ಹೊತ್ತು ತಿರುಗಿ, ಕೊನೆಗೆ ಮೇಜಿನ ಕಾಲಡಿ ಇಟ್ಟಿದ್ದರು.

ಹುಟ್ಟಿದ ನೆಲವನ್ನು ಪ್ರೀತಿಸುವುದರಲ್ಲಿ ತಪ್ಪೇನಿದೆ ಎಂದುಕೊಳ್ಳುತ್ತಲೇ ಮನೆಗೆ ಬಂದೆ. ಅಲ್ಲಿ ನನ್ನ ಮಗಳು ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆಂದು ನಾನೇ ಬರೆದ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. ಅದರಲ್ಲಿ ನಮ್ಮೂರ ಕೆರೆಯ ಮೇಲಿನ ಸಾಲುಗಳ ಜೊತೆಗೆ, ನಾಡಿಗಾಗಿ ನೆತ್ತರು ಹರಿಸುವೆವೆಂಬ ಸಾಲೂ ಇತ್ತು. ಬರೆದಾಗ ನನಗೇ ಮೈ ಜುಮ್ಮೆಂದಿತ್ತು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ತಲೆಯೆತ್ತಿ, ಯಾರ ನೆತ್ತರೆಂದು ಕೇಳಿದಳು: "ಹೂಸ್ ಬ್ಲಡ್, ಅಮ್ಮ?"

ನನಗೆ ನಿಜಕ್ಕೂ ಭಯವಾಯಿತು.

"ಆ ಸಾಲು ಬಿಡವಾ. ಕೆರೀ ಮ್ಯಾಲಿಂದಷ್ಟ ಹೇಳು," ಎಂದೆ.

ಪದ್ಯಕ್ಕೆ ಖಾರ ಸಾಲದೆಂದು ಸಂಘದವರು ಕಿಚಾಯಿಸಿದರು, ಅದು ನಿಜವೂ ಇರಬಹುದು.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಹಿಲ್ಡಾ ವೃದ್ಧಾಶ್ರಮ ಸೇರಿದರು. ಹೋಗುವಾಗ ಮೇಜನ್ನು ನನಗೆ ಕೊಟ್ಟು, ಪುಸ್ತಕದ ವಿಚಾರ ತಮ್ಮ ಕೈಲಾಗದು, ನೀನೇ ತೀರ್ಮಾನಿಸು ಎಂದರು. ನನಗೆ ಜರ್ಮನ್ ಬಾರದು. ಮರದ ತುಂಡೊಂದನ್ನು ಇಡಿಸಬಹುದಿತ್ತು, ಇನ್ನೂ ಇಡಿಸಿಲ್ಲ. ಕಾಲು ತಾಗಿದಾಗ ಈಗಲೂ ಬಗ್ಗುತ್ತೇನೆ, ಮುಟ್ಟುತ್ತೇನೆ. ಮೇಲೆದ್ದ ಕೈ ಮಾತ್ರ ಕಣ್ಣನ್ನು ತಲುಪುವುದಿಲ್ಲ.